ಮಳೆ ಕೂಗುವ ಹಲಗೆ

ಮಳೆ ಬರುವುದನ್ನು ಮೂಗಿನಲ್ಲೇ ಹಿಡಿಯುವವರು ಊರಿಗೆ ಒಬ್ಬರಾದರೂ ಇರುತ್ತಾರೆ. ಜಪಾನಿನ ಮಿನಾಬೆ ಊರಿನ ಆ ಇಳಿಜಾರು ಬೀದಿಯಲ್ಲಿ ಅಂಥವಳು ಮಾತ್ಸುಯೊ ಅಜ್ಜಿ. ರೇಡಿಯೊದವರು ಈ ದಿನ ಪೂರ್ತಿ ಬಿಸಿಲು ಎಂದು ಹೇಳಿ ಬಾಯಿ ಮುಚ್ಚುವ ಮೊದಲೇ ಅಜ್ಜಿ ಮೂಗನ್ನು ಮೇಲೆತ್ತಿ ಎರಡು ಸಲ ಗಾಳಿ ಎಳೆದು, "ಕಿನುಯೆ, ಗೆರಸೆ ಒಳಗೆ ತಗೊ" ಎನ್ನುತ್ತಿದ್ದಳು. ಸೊಸೆ ಕೊನೆಯ ಗೆರಸೆಯನ್ನು ಹೊಸಿಲು ದಾಟಿಸುವಷ್ಟರಲ್ಲಿ ಅಂಗಳದಲ್ಲಿ ಹನಿ ಬಿದ್ದಿರುತ್ತಿತ್ತು. ಅಕ್ಕಪಕ್ಕದ ಮೂರು ಮನೆಯವರು ಉಪ್ಪಿನಕಾಯಿಗೆಂದು ಹುಳಿ ಉಮೆ ಹಣ್ಣು ಒಣಹಾಕುವ ಮುಂಚೆ ಆಕಾಶ ನೋಡುತ್ತಿರಲಿಲ್ಲ, ಅಜ್ಜಿಯ ಅಂಗಳ ನೋಡುತ್ತಿದ್ದರು.

ಆ ಮೂಗು ಎರಡು ವರ್ಷದ ಹಿಂದಿನ ಚಳಿಗಾಲದ ಜ್ವರದಲ್ಲಿ ಸತ್ತುಹೋಯಿತು. ಜ್ವರ ಇಳಿಯಿತು, ಕೆಮ್ಮು ಹೋಯಿತು, ಮೂಗು ಮಾತ್ರ ತಿರುಗಿ ಬರಲಿಲ್ಲ. ಕಣ್ಣಿಗೆ ಮೊದಲೇ ಮಂಜು ಕವಿದಿತ್ತು. ಗೆರಸೆ ಎಲ್ಲಿದೆ ಎನ್ನುವುದು ಕಾಣುತ್ತಿತ್ತೇ ಹೊರತು ಅದರ ಮೇಲೆ ಬೀಳುವ ಹನಿ ಕಾಣುತ್ತಿರಲಿಲ್ಲ. ಎಂಬತ್ತೆಂಟರ ಜೀವಕ್ಕೆ ಪೂರ್ತಿ ಉಳಿದದ್ದು ಕಿವಿ, ಒಂದು ಗಟ್ಟಿ ಬಲಗೈ, ಮತ್ತೆ ನಾಲಿಗೆ. ನಾಲಿಗೆ ಎಂದರೆ ಬೈಯುವುದಕ್ಕೂ ಸೈ, ಉಪ್ಪು ಹುಳಿ ನೋಡುವುದಕ್ಕೂ ಸೈ.

ಕಳೆದ ಜುಲೈನಲ್ಲಿ ಆಗಬಾರದ್ದು ಆಯಿತು. ಜೂನಿನಲ್ಲಿ ಉಪ್ಪು ಹಾಕಿ ಭರಣಿಗಿಳಿಸಿದ ಹಣ್ಣನ್ನು ಮಳೆಗಾಲ ಕಳೆದ ಮೇಲೆ ಮೂರು ದಿನ ಬಿಸಿಲಿಗೆ ಹಾಕಬೇಕು. ಆ ಮೂರು ದಿನದಲ್ಲಿ ಹನಿ ನೀರು ಸೋಕಿದರೂ ವರ್ಷದ ಉಪ್ಪಿನಕಾಯಿ ಬೂಸಲು. ಕಿನುಯೆ ಸ್ಟೇಷನ್ನಿನ ಹತ್ತಿರದ ಬುತ್ತಿ ಅಂಗಡಿಯಲ್ಲಿ ಬೆಳಗಿನಿಂದ ಎರಡು ಗಂಟೆಯವರೆಗೆ ಅನ್ನ ತುಂಬುವ ಕೆಲಸಕ್ಕೆ ಹೋಗುತ್ತಾಳೆ. ಅತ್ತೆ ಜಗಲಿಯಲ್ಲಿ ಗೆರಸೆಗಳ ಎದುರೇ ಕೂತಿದ್ದಳು. ಜೀರುಂಡೆಗಳ ಕಿರುಚಾಟದಲ್ಲಿ ಸಣ್ಣ ಮಳೆಯ ಸದ್ದು ಕೇಳಿಸಲಿಲ್ಲ. ಜೀರುಂಡೆಗಳು ಒಮ್ಮೆಲೇ ಬಾಯಿ ಮುಚ್ಚಿದಾಗ ಅವಳಿಗೆ ಗೊತ್ತಾಯಿತು, ಆದರೆ ಅಷ್ಟರಲ್ಲಿ ಇಪ್ಪತ್ತು ಕಿಲೊ ಹಣ್ಣು ನೆನೆದು ತೊಪ್ಪೆಯಾಗಿತ್ತು. ಕಿನುಯೆ ಬಂದು ನೋಡಿದಾಗ ಅತ್ತೆ ಅಂಗಳದ ನಡುವೆ ಮಳೆಯಲ್ಲಿ ನಿಂತು ಒಂದೊಂದೇ ಹಣ್ಣನ್ನು ತನ್ನ ಏಪ್ರನ್ನಿಗೆ ಒರೆಸುತ್ತಿದ್ದಳು.

ಅವತ್ತಿನಿಂದ ಅತ್ತೆ ಅನ್ನದ ಜೊತೆ ಉಮೆ ಮುಟ್ಟಲಿಲ್ಲ. ಅರವತ್ತೈದು ವರ್ಷ ದಿನಕ್ಕೆರಡು ತಿಂದವಳು. ಈ ವರ್ಷದ ಹಣ್ಣಿಗೆ ಉಪ್ಪು ಹಾಕುವ ದಿನ ಕೈ ತೊಳೆದುಕೊಳ್ಳುತ್ತ ಒಂದು ಮಾತು ಹೇಳಿದಳು.

"ಈ ವರ್ಷನೂ ನೆಂದ್ರೆ ಭರಣಿಗಳ್ನೆಲ್ಲ ತೊಳೆದು ಬೋರಲು ಹಾಕ್ಬಿಡು. ಕಾಯೋಕಾಗದೋಳಿಗೆ ಉಪ್ಪಿನಕಾಯಿ ಯಾಕೆ."

"ಅಮ್ಮ, ಹಾಗೆಲ್ಲ ಅನ್ಬೇಡಿ."

"ಅಂದಾಯ್ತು."

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಮನೆಯಲ್ಲಿ ಸೊಸೆಯ ಕಾಲ ಬಂದು ಕೆಲವು ವರ್ಷವಾಗಿತ್ತು. ಕೀಲಿ ಅವಳದು, ಒಲೆ ಅವಳದು. ಆದರೆ ಬೋರಲು ಹಾಕಿದ ಭರಣಿಗಳ ನಡುವೆ ಅತ್ತೆ ಕೂತಿರುವುದನ್ನು ನೆನೆಸಿಕೊಂಡರೆ ಕಿನುಯೆಗೆ ಆ ಕಾಲ ಬೇಡವೇ ಬೇಡ ಅನಿಸಿತು. ಕೆಲಸ ಬಿಟ್ಟು ಮನೆಯಲ್ಲಿ ಕೂತು ತಾನೇ ಕಾಯಬಹುದಿತ್ತು. ಅದರಿಂದ ಹಣ್ಣು ಉಳಿಯುತ್ತಿತ್ತು, ಅತ್ತೆ ಉಳಿಯುತ್ತಿರಲಿಲ್ಲ. ಕಾಯುವ ಕೆಲಸ ಅತ್ತೆಯದೇ ಆಗಿರಬೇಕಿತ್ತು.

ಗಂಡ ಯಾಸುತಾಕ ತೀರಿಹೋಗಿ ಆರು ವರ್ಷ. ಅವನು ಬಿಟ್ಟುಹೋದ ಬಿಸ್ಕತ್ತಿನ ಡಬ್ಬಿಯಲ್ಲಿ ಬೆಸುಗೆ ಹಾಕುವ ಕಬ್ಬಿಣ, ತಂತಿ ಸುರುಳಿ, ಚಿಮಟ ಹಾಗೇ ಇದ್ದವು. ಒಳ್ಳೆಯ ಮನುಷ್ಯ, ಯಾರಿಗೂ ಕೆಟ್ಟದ್ದು ಬಯಸಿದವನಲ್ಲ. ಆದರೆ ರಜೆಯ ದಿನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತಾನೇ ಜೋಡಿಸಿದ ರೇಡಿಯೊದಲ್ಲಿ ಯಾವುದೋ ದೇಶದ ಯಾರದೋ ಮಾತು ಹಿಡಿಯುತ್ತ ಕಿಟಕಿಯ ಬಳಿ ಕೂತುಬಿಟ್ಟರೆ ಪಕ್ಕದಲ್ಲಿ ಮನೆ ಉರಿದರೂ ತಿಳಿಯದು. ಕಿನುಯೆ ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಅತ್ತೆ ಸೊಸೆ ಇಬ್ಬರೂ ಕೈಗೆರಡು ಗೆರಸೆ ಹಿಡಿದು ಮಳೆಗೆ ಮುಂಚೆ ಬಿದ್ದೆದ್ದು ಓಡುತ್ತಿದ್ದಾಗ, ಅವನು ಕಿಟಕಿಯಿಂದ ಅವರನ್ನು ನೋಡಿ ನಕ್ಕು ಕೈ ಬೀಸಿದ್ದ. ಅತ್ತೆ ಆ ದಿನ ಬೈದದ್ದನ್ನು ಕಿನುಯೆ ಇಂದಿಗೂ ಮರೆತಿಲ್ಲ.

ಆ ಡಬ್ಬಿಯನ್ನು ಬಗಲಿಗಿಟ್ಟುಕೊಂಡು ಅರವತ್ತೊಂದನೆಯ ವಯಸ್ಸಿನಲ್ಲಿ ಅವಳು ಊರಿನ ಸಮುದಾಯ ಭವನದ ಬುಧವಾರದ ಎಲೆಕ್ಟ್ರಾನಿಕ್ಸ್ ಕೂಟಕ್ಕೆ ಹೋದಳು. ಒಳಗೆ ಏಳು ಜನ ನಿವೃತ್ತ ಗಂಡಸರು ಕನ್ನಡಕ ಮೂಗಿನ ತುದಿಗಿಳಿಸಿ ಕೂತಿದ್ದರು. ಬಾಗಿಲ ಹತ್ತಿರವಿದ್ದ ಒಕುನೊ ಎಂಬವನು ತಲೆಯೆತ್ತಿ ಹೇಳಿದ.

"ಅಡುಗೆ ಕ್ಲಾಸು ಮೇಲಿನ ಮಹಡಿ ಕಣಮ್ಮ."

"ಅಲ್ಲಿಂದಾನೇ ಬಂದೆ. ನಿಮ್ಮ ಹೆಂಡ್ತಿ ನಿಮ್ಮ ವಿಷಯ ಹೇಳ್ತಾ ಇದ್ರು, ಮುಗಿಯೋ ಹಾಗೆ ಕಾಣ್ಲಿಲ್ಲ, ಇಳಿದು ಬಂದೆ."

ಆರು ಜನ ನಕ್ಕರು. ಒಕುನೊ ತನ್ನ ಪಕ್ಕದ ಕುರ್ಚಿಯನ್ನು ಎಳೆದುಕೊಟ್ಟ.

ಕೂಟ ನಡೆಸುತ್ತಿದ್ದವರು ತ್ಸುಬೊಯಿ ಮೇಷ್ಟ್ರು. ಮೇಷ್ಟ್ರು ಎಂದರೆ ಶಾಲೆಯವರಲ್ಲ. ನಲವತ್ತು ವರ್ಷ ಟೀವಿ ರಿಪೇರಿ ಅಂಗಡಿ ಇಟ್ಟಿದ್ದವರು. ಕಿನುಯೆ ತನಗೆ ಬೇಕಾದದ್ದನ್ನು ಹೇಳಿದಳು: ಮೊದಲ ಹನಿ ಬಿದ್ದ ಕೂಡಲೇ ಜೀರುಂಡೆಗಿಂತ ಜೋರಾಗಿ ಕೂಗಬೇಕು.

"ಅಂಗಡೀಲಿ ಸಿಗುತ್ತಲ್ಲ, ಬೆರಳುದ್ದದ್ದು" ಎಂದ ಒಕುನೊ.

"ಬೆರಳುದ್ದದ್ದರ ಮೇಲೆ ಮೊದಲ್ನೇ ಹನಿ ಬೀಳ್ಬೇಕು ಅಂದ್ರೆ ದೇವರು ಗುರಿ ಇಟ್ಟು ಹೊಡೀಬೇಕು. ನಮ್ಮತ್ತೆಗೆ ಎರಡನೇ ಹನಿ ಲೆಕ್ಕಕ್ಕಿಲ್ಲ."

ಮೇಷ್ಟ್ರಿಗೆ ಆ ಮಾತು ಹಿಡಿಸಿತು. ಬುತ್ತಿಯ ಮುಚ್ಚಳದಷ್ಟಿದ್ದ, ಒಂದು ಮೈಗೆ ತಾಮ್ರದ ತೆಳು ಹಾಳೆ ಅಂಟಿಸಿದ್ದ ಹಲಗೆಯೊಂದನ್ನು ಅವಳ ಮುಂದಿಟ್ಟರು. "ಎರಡು ಬಾಚಣಿಗೆ ಬರೀರಿ. ಇದರ ಹಲ್ಲು ಅದರ ಹಲ್ಲಿನ ಸಂದೀಲಿ ಇರ್ಬೇಕು, ತಾಗ್ಬಾರ್ದು. ಮಾರ್ಕರ್ ಬಿದ್ದ ಕಡೆ ತಾಮ್ರ ಉಳಿಯುತ್ತೆ, ಮಿಕ್ಕಿದ್ದನ್ನ ತಾಮ್ರ ಕರಗಿಸೋ ನೀರು ತಿನ್ನುತ್ತೆ. ಆಮೇಲೆ ಹನಿ ಬಿದ್ದು ಎರಡು ಹಲ್ಲಿಗೆ ಒಟ್ಟಿಗೆ ತಾಗಿದ್ರೆ ಕರೆಂಟು ದಾಟುತ್ತೆ, ಬಜರ್ ಕೂಗುತ್ತೆ. ಅಷ್ಟೇ ವಿದ್ಯೆ."

ಅಷ್ಟೇ ವಿದ್ಯೆಗೆ ಅವಳಿಗೆ ಮೂರು ಬುಧವಾರ ಹಿಡಿಯಿತು. ಮೊದಲ ಸಲ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡವು. ಎರಡನೆಯ ಸಲ ಒಕುನೊ ಹೇಗಿದೆ ಎಂದು ಹೆಬ್ಬೆರಳಿಟ್ಟು ನೋಡಿ ಒದ್ದೆ ಮಸಿ ಒರೆಸಿಬಿಟ್ಟ. ಮೂರನೆಯ ಸಲ ಅವಳು ಉಸಿರು ಬಿಗಿಹಿಡಿದು, ಬುತ್ತಿಯ ಅನ್ನದ ಮೇಲೆ ಕಪ್ಪು ಎಳ್ಳು ಸಾಲಾಗಿ ಇಡುವ ಕೈಯಲ್ಲಿ ಇಪ್ಪತ್ತೆರಡು ಹಲ್ಲುಗಳನ್ನು ಬರೆದಳು. ಮೇಷ್ಟ್ರು ಭೂತಗನ್ನಡಿಯಲ್ಲಿ ನೋಡಿ ಏನೂ ಹೇಳದೆ ಹಿಂದಿರುಗಿಸಿದರು. ಅವರು ಏನೂ ಹೇಳದಿದ್ದರೆ ಅದು ಶಹಬ್ಬಾಸ್ ಎಂದು ಅಷ್ಟು ಹೊತ್ತಿಗೆ ಅವಳಿಗೆ ತಿಳಿದಿತ್ತು.

ತಾಮ್ರ ತಿನ್ನಿಸುವ ಕಂದು ನೀರಿನ ಬಾಟಲಿ ಭವನದಲ್ಲಿ ನಿಷೇಧವಾಗಿತ್ತು. ಹಿಂದಿನ ವರ್ಷ ಒಕುನೊ ಅದನ್ನು ಚಾಪೆಯ ಮೇಲೆ ಚೆಲ್ಲಿದ್ದ, ಆ ಕಲೆ ಇನ್ನೂ ಅವನ ಹೆಸರಿನಲ್ಲಿಯೇ ಇದೆ. ಎಲ್ಲರೂ ಮನೆಯಲ್ಲಿಯೇ ಆ ಕೆಲಸ ಮುಗಿಸಿಕೊಂಡು ಬರುತ್ತಿದ್ದರು. ಕಿನುಯೆಯ ಮನೆಯ ಬಚ್ಚಲ ನೀರು ಕಾಲುವೆಗೆ, ಕಾಲುವೆ ಉಮೆ ತೋಟಕ್ಕೆ.

"ವಿಷ ಮನೆಗೆ ತಂದೆ ಅಂದ್ರೆ ಅಮ್ಮ ನನ್ನನ್ನೇ ತೋಟಕ್ಕೆ ಗೊಬ್ಬರ ಹಾಕ್ತಾರೆ."

"ಹಾಗಾದ್ರೆ ಇನ್ನೊಂದು ದಾರಿ ಇದೆ" ಎಂದರು ಮೇಷ್ಟ್ರು. "ಗಾಯ ತೊಳೆಯೋ ಪೆರಾಕ್ಸೈಡು ಔಷಧಿ ಅಂಗಡೀಲಿ ಸಿಗುತ್ತೆ. ಅದಕ್ಕೆ ನಿಂಬೆ ಹುಳಿಯ ಪುಡಿ, ಒಂದಿಷ್ಟು ಉಪ್ಪು. ನಿಧಾನ, ಆದ್ರೆ ತಿನ್ನುತ್ತೆ. ಮಿಕ್ಕಿದ ನೀರು ಮಾತ್ರ ಚೆಲ್ಬೇಡಿ, ಅದ್ರಲ್ಲಿ ತಾಮ್ರ ಇರುತ್ತೆ. ಬಾಟ್ಲೀಲಿ ತುಂಬಿ ನನಗೆ ತಂದ್ಕೊಡಿ."

ಕಿನುಯೆ ನಕ್ಕುಬಿಟ್ಟಳು. "ಹುಳಿ, ಉಪ್ಪು. ಮೇಷ್ಟ್ರೆ, ಅವೆರಡೂ ಸೇರಿಸಿಟ್ಟಿದ್ದು ನಮ್ಮನೇಲಿ ಭರಣಿ ಭರಣಿ ಇದೆ."

ಉಪ್ಪು ಹಾಕಿದ ಉಮೆ ಬಿಡುವ ರಸ ಎಂದರೆ ಅದೇ ತಾನೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ನಲವತ್ತು ವರ್ಷ ಈ ಊರಿನಲ್ಲಿದ್ದು ಇದು ತನಗೆ ಹೊಳೆಯಲಿಲ್ಲವಲ್ಲ ಎಂದು ಅವರಿಗೆ ಸ್ವಲ್ಪ ಅವಮಾನವೇ ಆದಂತಿತ್ತು.

ಗುರುವಾರ ಕಿನುಯೆಗೆ ರಜೆ, ಅತ್ತೆಗೆ ಹಗಲು ಆರೈಕೆ ಕೇಂದ್ರದ ದಿನ. ಬೆಳಗ್ಗೆ ವ್ಯಾನು ಬಂದು ಕರೆದುಕೊಂಡು ಹೋಗಿ ಸ್ನಾನ ಊಟ ಮಾಡಿಸಿ ಮೂರೂವರೆಗೆ ತಂದುಬಿಡುತ್ತದೆ. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಕಿನುಯೆ ಉಗ್ರಾಣಕ್ಕೆ ಹೋದಳು. ಈ ವರ್ಷದ ಭರಣಿಗಳಿಗೆಲ್ಲ ಬಣ್ಣ ಬರಲೆಂದು ಹಾಕುವ ಕೆಂಪೆಲೆ ಬೆರೆಸಿಯಾಗಿತ್ತು. ರಸ ರಕ್ತದಂತೆ ಕೆಂಪು. ಅದರೊಳಗೆ ತಾಮ್ರ ಎಷ್ಟು ಕರಗಿತು ಎಂದು ಕಣ್ಣಿಗೆ ಕಾಣುವುದಿಲ್ಲ. ತಿಳಿರಸ ಇದ್ದದ್ದು ಒಂದರಲ್ಲಿ ಮಾತ್ರ: ಹಿಂದಿನ ಸಾಲಿನ ಮೂಲೆಯಲ್ಲಿ ನೀಲಿ ಬಟ್ಟೆ ಬಾಯಿಗೆ ಕಟ್ಟಿದ್ದ ಒಂದು ಪುಟ್ಟ ಭರಣಿ. ಮದುವೆಯಾಗಿ ಬಂದ ವಾರವೇ ಅತ್ತೆ ಉಗ್ರಾಣ ತೋರಿಸುತ್ತ, "ಇದನ್ನ ಮುಟ್ಬೇಡ" ಎಂದಿದ್ದಳು. ಯಾಕೆ ಎಂದು ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. ಅದರ ಮೇಲಿನ ಚೀಟಿ ಯಾವ ಕಾಲದಲ್ಲೋ ಹುಳ ತಿಂದು ಹೋಗಿತ್ತು.

ಮೂವತ್ತೇಳು ವರ್ಷದ ಸಂಸಾರದಲ್ಲಿ ಅದು ಅವಳ ಮೊದಲ ಕಳ್ಳತನ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಒಂದು ಲೋಟ ಬಗ್ಗಿಸಿಕೊಂಡು, ಬಟ್ಟೆಯ ಗಂಟನ್ನು ಹಳೆಯ ಸುಕ್ಕಿಗೆ ಸರಿಯಾಗಿ ಮತ್ತೆ ಕಟ್ಟಿದಳು.

ಬಚ್ಚಲ ಪಕ್ಕದ ಚಾವಡಿಯಲ್ಲಿ ಕೂತು, ಒಡೆದ ಅಂಚಿನ ಗಾಜಿನ ಬಟ್ಟಲಿಗೆ ರಸ ಸುರಿದು ಪೆರಾಕ್ಸೈಡ್ ಬೆರೆಸಿ, ಬಟ್ಟಲನ್ನು ಬಿಸಿನೀರಿನ ಬೇಸಿನ್ನಿನಲ್ಲಿಟ್ಟು ಹಲಗೆಯನ್ನು ಮುಳುಗಿಸಿದಳು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ತಾಮ್ರದ ಹೊಳಪು ಹೋಗಿ ಗುಲಾಬಿಯಾಯಿತು, ಸಣ್ಣ ಗುಳ್ಳೆಗಳು ಎದ್ದವು. ಒಂದು ಗಂಟೆ ಕಳೆದ ಮೇಲೆ ನೀರಿಗೆ ಹಸಿರು ಇಳಿಯಿತು. ಅವಳು ಊಟ ಮರೆತು ಬೇಸಿನ್ನಿನ ನೀರು ಬದಲಾಯಿಸುತ್ತ, ಬಟ್ಟಲನ್ನು ಮೆಲ್ಲಗೆ ತೂಗುತ್ತ ಕೂತಳು. ಮಧ್ಯಾಹ್ನ ಮೂರು ದಾಟಿದ ಮೇಲೆ ಮಾರ್ಕರಿನ ಸಾಲುಗಳ ನಡುವಿನ ಕೊನೆಯ ತಾಮ್ರದ ದ್ವೀಪ ಕರಗಿ ಹಲಗೆಯ ಹಳದಿ ಮೈ ಕಂಡಿತು. ಸ್ಪಿರಿಟ್ಟಿನಲ್ಲಿ ಮಸಿ ಒರೆಸಿದಾಗ ಕೆಳಗೆ ಇಪ್ಪತ್ತೆರಡು ಹಲ್ಲು ಥಳಥಳ ಎಂದವು. ತಾನು ಮಾಡಿದ್ದು, ತನ್ನ ಕೈಯಾರೆ. ಒಂದೊಂದು ಹಲ್ಲನ್ನೂ ಬೆರಳಿಟ್ಟು ಎಣಿಸಿದಳು. ಅಷ್ಟರಲ್ಲಿ ಇಳಿಜಾರಿನಲ್ಲಿ ವ್ಯಾನಿನ ಹಾರ್ನ್ ಕೇಳಿಸಿತು. ಹಲಗೆಯನ್ನು ನಲ್ಲಿಯ ಕೆಳಗೆ ಒಮ್ಮೆ ಹಿಡಿದು, ಬಟ್ಟೆಯಲ್ಲಿ ಒರೆಸಿ, ಹಸಿರು ನೀರನ್ನು ಬಾಟಲಿಗೆ ತುಂಬಿ ಅಟ್ಟಕ್ಕೆ ತಳ್ಳಿ ಬಾಗಿಲಿಗೆ ಓಡಿದಳು.

ಮುಂದಿನ ಬುಧವಾರ ಬೆಸುಗೆ. ಕಿನುಯೆ ಎರಡು ಬೆರಳು ಸುಟ್ಟುಕೊಂಡಳು, ಒಂದು ಟ್ರಾನ್ಸಿಸ್ಟರನ್ನು ಹಿಂದುಮುಂದಾಗಿ ಹಾಕಿ ತೆಗೆದಳು. ಕೊನೆಗೆ ಒಕುನೊ ಚಹಾದ ಲೋಟಕ್ಕೆ ಬೆರಳದ್ದಿ ಹಲಗೆಯ ಮೇಲೆ ಒಂದು ಹನಿ ಚಿಮುಕಿಸಿದ. ಬಜರ್ ಕೂಗಿದ ರಭಸಕ್ಕೆ ಮೇಲಿನ ಮಹಡಿಯ ಅಡುಗೆ ಕ್ಲಾಸಿನವರು ಬೆಂಕಿ ಬಿತ್ತೆಂದು ಕೆಳಗಿಳಿದು ಬಂದರು.

ಅಂಗಳದ ಕಂಬದ ತುದಿಗೆ ಹಲಗೆ ಏರಿತು, ಅದನ್ನು ನಿಲ್ಲಿಸುವ ಸ್ವಿಚ್ಚು ತಂತಿ ಹಿಡಿದು ಜಗಲಿಯ ಗೋಡೆಗೆ ಬಂತು. ಹಳೆಯ ಪ್ಲಾಸ್ಟಿಕ್ ಹಾಳೆಯೊಂದನ್ನು ಗೆರಸೆಗಳ ಮೇಲೆ ಪರದೆಯಂತೆ ಸರಿಯುವ ಹಾಗೆ ತಂತಿಯಲ್ಲಿ ಜಾರುವ ಬಳೆಗಳಿಗೆ ಕಟ್ಟಿ, ಅದರ ಹಗ್ಗವನ್ನು ಜಗಲಿಯವರೆಗೆ, ಅತ್ತೆ ಕೂರುವ ಜಾಗಕ್ಕೇ ತಂದಳು.

"ಏನೇ ಇದು, ಮುದಿ ದನಕ್ಕೆ ಗಂಟೆ ಕಟ್ತಾ ಇದೀಯ?"

"ನಿಮಗಲ್ಲಮ್ಮ, ಆಕಾಶಕ್ಕೆ. ಅದು ಕೂಗಿದ ತಕ್ಷಣ ನೀವು ಈ ಹಗ್ಗ ಎಳೀಬೇಕು. ನೀವು ಎಳೀದೆ ಇದ್ರೆ ಅದು ಕೂಗಿ ಏನೂ ಉಪಯೋಗ ಇಲ್ಲ."

ಅತ್ತೆ ಹಗ್ಗ ಹಿಡಿದು ಎಳೆದಳು. ಹಾಳೆ ಸರ್ರನೆ ಓಡಿಬಂತು. ಬಿಟ್ಟಳು, ಮತ್ತೆ ಎಳೆದಳು. ಕಿನುಯೆ ಕಾಣದ ಹಾಗೆ ಒಳಗೆ ಹೋಗಿ ನಿಂತು ಕೇಳಿಸಿಕೊಂಡಳು. ಅತ್ತೆ ಆ ಸಂಜೆ ಏಳು ಸಲ ಎಳೆದಳು.

ಮಳೆಗಾಲದ ಕೊನೆಯ ವಾರ. ಮೋಡ ಇತ್ತು, ಮಳೆ ಇರಲಿಲ್ಲ, ಗೋಡೆಗಳು ಬೆವರುತ್ತಿದ್ದವು. ಶುಕ್ರವಾರ ಮಧ್ಯಾಹ್ನ ಹಲಗೆ ಕೂಗಿತು. ಅತ್ತೆ ಎಳೆದಳು, ಇಳಿದು ಅಂಗಳದ ಕಲ್ಲು ಮುಟ್ಟಿ ನೋಡಿದಳು. ಒಣಗಿತ್ತು. ಶನಿವಾರ ಮತ್ತೆ ಕೂಗಿತು, ಮತ್ತೆ ಎಳೆದಳು, ಮತ್ತೆ ಕಲ್ಲು ಒಣಗಿತ್ತು. ಭಾನುವಾರ ಕಿನುಯೆ ಕೆಲಸದಿಂದ ಬಂದಾಗ ಬಜರ್ ಗಂಟಲು ಹರಿಯುವಂತೆ ಅರಚುತ್ತಿತ್ತು, ಅತ್ತೆ ಕೈಕಟ್ಟಿ ಕೂತಿದ್ದಳು.

"ಎಳೀಲಿಲ್ವಾ ಅಮ್ಮ?"

"ಮಳೆ ಬಂತಾ?"

"ಇಲ್ಲ..."

"ಜ್ವರ ಬಂದು ಹೋದ ಮೇಲೆ ನನ್ನ ಮೂಗೂ ಸ್ವಲ್ಪ ದಿನ ಹೀಗೇ ಇಲ್ಲದ ಮಳೆ ಹೇಳ್ತಿತ್ತು. ಸುಳ್ಳು ಹೇಳೋದು ಈ ಮನೇಲಿ ಒಂದೇ ಸಾಕು. ಬಿಚ್ಚಿ ಹಾಕು ಅದನ್ನ."

ಕಿನುಯೆ ಬಿಚ್ಚಿಕೊಂಡು ಮೇಷ್ಟ್ರ ಮನೆಗೆ ಸೈಕಲ್ ತುಳಿದಳು. ಅವರ ಏಸಿ ಕೋಣೆಯಲ್ಲಿ ಮೇಜಿನ ಮೇಲಿಟ್ಟ ಕೂಡಲೇ, ಡಾಕ್ಟರ ಮುಂದೆ ಕೂತಾಗ ಕೆಮ್ಮು ನಿಂತಂತೆ ಹಲಗೆ ಗಪ್‌ಚುಪ್. ಮೇಷ್ಟ್ರು ಅರ್ಧ ಗಂಟೆ ಮೀಟರ್ ಹಿಡಿದು ತಡಕಾಡಿದರು. "ಬೆಸುಗೆ ಚೆನ್ನಾಗಿದೆ. ಎಲ್ಲ ಸರಿಯಾಗೇ ಇದೆಯಲ್ಲ" ಎಂದರು. ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟರೆ ಐದೇ ನಿಮಿಷಕ್ಕೆ ಮತ್ತೆ ಕಿರುಚಿತು. ಕಿನುಯೆ ಬ್ಯಾಟರಿ ಕಿತ್ತುಹಾಕಿ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಹವಾಮಾನದವರು ಬುಧವಾರದಿಂದ ಬಿಸಿಲು ಎಂದಿದ್ದರು. ಮೂರು ದಿನ ಉಳಿದಿತ್ತು. ಊಟಕ್ಕಿಲ್ಲದ ಉಪ್ಪಿನಕಾಯಿ ಎನ್ನುತ್ತಾರಲ್ಲ, ಹಾಗಾಯಿತು ತನ್ನ ವಿದ್ಯೆ.

ಅತ್ತೆ ಎದುರಿನ ಕುರ್ಚಿಯಲ್ಲಿ ಬಂದು ಕೂತಳು. ಸೊಸೆಯ ಅಳು ಕೇಳಿಸಿಕೊಂಡಳು. ಸಮಾಧಾನ ಹೇಳುವ ಜಾತಿಯವಳಲ್ಲ. ಮೇಜಿನ ಮೇಲೆ ಕೈಯಾಡಿಸಿ ಹಲಗೆ ಎತ್ತಿಕೊಂಡು, ಹಲ್ಲುಗಳ ಮೇಲೆ ಹೆಬ್ಬೆರಳು ಓಡಿಸಿದಳು. ಮತ್ತೊಮ್ಮೆ ಓಡಿಸಿದಳು. ಆಮೇಲೆ ಭರಣಿಯ ಸೌಟು ನೆಕ್ಕಿ ನೋಡುವವಳಂತೆ ಹಲಗೆಯನ್ನು ಬಾಯಿಗೆತ್ತಿ ನಾಲಿಗೆಯಲ್ಲಿ ಒಂದು ಸಲ ನೆಕ್ಕಿದಳು.

"ಅಮ್ಮಾ! ಉಗೀರಿ! ತಾಮ್ರ ಅದು!"

"ತಾಮ್ರ ಅಲ್ಲ, ಉಪ್ಪು."

ಕಿನುಯೆಯ ಅಳು ಅಲ್ಲೇ ನಿಂತಿತು.

"ಉಪ್ಪಿದ್ದ ಕಡೆ ತೇವ ತಾನಾಗೇ ಓಡಿ ಬರುತ್ತೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಅಳೋದು ನೋಡಿಲ್ವಾ ನೀನು? ಇದಕ್ಕೆ ಮಳೆ ಯಾಕೆ ಬೇಕು, ಗಾಳಿ ಸಾಕು. ತೊಳೀಲೇ ಇಲ್ಲ ತಾನೆ?"

"ಒಂದ್ಸಲ ನಲ್ಲೀಲಿ..."

"ಒಂದ್ಸಲ! ಉಪ್ಪಿನಕಾಯಿ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷ ಆಯ್ತು" ಎಂದವಳು, ಮಾತು ಅರ್ಧಕ್ಕೆ ಬಿಟ್ಟು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಏನನ್ನೋ ಹುಡುಕಿದಳು. ಆಮೇಲೆ ಕೇಳಿದಳು. "ರಸ ಎಲ್ಲಿಂದ ತಗೊಂಡೆ?"

"ಉಗ್ರಾಣದಿಂದ. ಅದೇ, ಹಳೇದು ಯಾವುದೋ ಇತ್ತಲ್ಲಮ್ಮ..." ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ.

ಬೈಗುಳ ಬರುತ್ತದೆಂದು ಕಿನುಯೆ ತಲೆ ತಗ್ಗಿಸಿ ಕಾದಳು. ಬರಲಿಲ್ಲ.

"ಮೂರು ನೀರು ತೊಳಿ. ಕೊನೇದು ಬಿಸಿ ಇರ್ಲಿ. ಹಲ್ಲುಜ್ಜೋ ಬ್ರಷ್ ತಗೊ, ಸಂದೀಲಿ ಕೂತಿರುತ್ತೆ" ಎಂದು ಅತ್ತೆ ಎದ್ದು ಗೋಡೆ ಹಿಡಿದುಕೊಂಡು ತನ್ನ ಕೋಣೆಗೆ ಹೋದಳು. ಆ ರಾತ್ರಿ ಊಟಕ್ಕೆ ಕರೆದರೂ ಹಸಿವಿಲ್ಲ ಎಂದಳು.

ತೊಳೆದ ಹಲಗೆ ಸೋಮವಾರ ಪೂರ್ತಿ ಆ ಬೆವರುವ ಗೋಡೆಯ ಪಕ್ಕದಲ್ಲೇ ಸುಮ್ಮನೆ ಕೂತಿತ್ತು. ನೀರು ಚಿಮುಕಿಸಿದರೆ ಕೂಗಿತು, ಒರೆಸಿದರೆ ನಿಂತಿತು. ಮಂಗಳವಾರವೂ ಹಾಗೇ. ಆದರೂ ಕಂಬಕ್ಕೆ ಕಟ್ಟುವಾಗ ಅತ್ತೆ, "ನೋಡೋಣ" ಎಂದಷ್ಟೇ ಹೇಳಿದಳು. ಹಗ್ಗವನ್ನು ಕೈಗೆ ತೆಗೆದುಕೊಳ್ಳಲಿಲ್ಲ, ಮಡಿಲ ಪಕ್ಕದಲ್ಲಿ ಇಡಿಸಿಕೊಂಡಳು. ಮೂರು ಸಲ ಸುಳ್ಳು ಹೇಳಿಸಿಕೊಂಡವಳಿಗೆ ನಾಲ್ಕನೆಯ ಸಲ ನಂಬು ಎಂದರೆ ಹೇಗೆ?

ಬುಧವಾರ ಸುಡು ಬಿಸಿಲು. ಗುರುವಾರ ಇನ್ನೂ ಬಿಸಿಲು. ಕಿನುಯೆ ಮನೆಯಲ್ಲಿದ್ದು ಹಣ್ಣುಗಳನ್ನೆಲ್ಲ ಒಂದೊಂದಾಗಿ ಮಗುಚಿದಳು, ಅತ್ತೆ ಆರೈಕೆ ಕೇಂದ್ರಕ್ಕೆ ಬರುವುದಿಲ್ಲವೆಂದು ವ್ಯಾನು ವಾಪಸು ಕಳಿಸಿ ಜಗಲಿಯಲ್ಲೇ ಕೂತಳು. ಹಣ್ಣುಗಳ ಸಿಪ್ಪೆ ಸುಕ್ಕಾಗಿ ಮೃದುವಾಗುತ್ತಿತ್ತು. ಇನ್ನೊಂದೇ ದಿನ.

ಶುಕ್ರವಾರ ಬುತ್ತಿ ಅಂಗಡಿಗೆ ಶಾಲೆಗಳ ಬೇಸ್‌ಬಾಲ್ ಪಂದ್ಯಕ್ಕೆಂದು ತೊಂಬತ್ತು ಡಬ್ಬಿಯ ಬೇಡಿಕೆ ಬಂದಿತ್ತು, ರಜೆ ಕೇಳುವ ಹಾಗಿರಲಿಲ್ಲ. ಒಂದು ಗಂಟೆಗೆ ಬೆಟ್ಟದ ಕಡೆ ಗುಡುಗಿತು. ಕಿನುಯೆ ಅನ್ನದ ಸೌಟು ಹಿಡಿದು ಕಿಟಕಿ ನೋಡಿದಳು. ಸಮುದ್ರದ ಮೇಲೆ ಬಿಸಿಲು, ಬೆಟ್ಟದ ಮೇಲೆ ಕಾಡಿಗೆಯಂಥ ಮೋಡ. ಮನೆ ಇರುವುದು ಬೆಟ್ಟದ ಕಡೆ.

"ಹೋಗು ಮಾರಾಯ್ತಿ" ಎಂದಳು ಅಂಗಡಿಯ ಒಡತಿ. "ಅನ್ನದ ಮೇಲೆ ಎಳ್ಳು ಇಡೋ ಬದ್ಲು ಅನ್ನ ಎಲ್ಲ ಕಿಟಕಿಗೆ ಹಚ್ತಿದೀಯ."

ಸೇತುವೆಯ ಹತ್ತಿರ ಮಳೆ ಎದುರಾಯಿತು. ಎದುರಾಯಿತು ಎಂದರೆ ಅದು ಬೆಟ್ಟದಿಂದ ಇಳಿದು ಬರುತ್ತಿತ್ತು, ಮನೆಯನ್ನು ಆಗಲೇ ದಾಟಿತ್ತು. ಕಿನುಯೆಯ ಕಣ್ಣಿಗೆ ಕಳೆದ ವರ್ಷದ ಏಪ್ರನ್ನೇ ಕಂಡಿತು. ಏರು ರಸ್ತೆಯಲ್ಲಿ ಸೈಕಲ್ಲನ್ನು ಬೇಲಿಗೆ ಒರಗಿಸಿ ಓಡಿದಳು. ಮೂರು ಮನೆ ಆಚೆಯಿಂದಲೇ ಕೂಗು ಕೇಳಿಸಿತು. ಬಿಡದೆ, ಒಂದೇ ಸಮ. ಭಾನುವಾರ ಕೇಳಿಸಿದ್ದೂ ಹೀಗೇ. ಅವತ್ತು ಅದು ಕೂಗುತ್ತಿತ್ತು, ಅತ್ತೆ ಕೈಕಟ್ಟಿ ಕೂತಿದ್ದಳು. ಗೇಟು ತಳ್ಳಿದಳು.

ಹಾಳೆ ಈ ತುದಿಯಿಂದ ಆ ತುದಿಯವರೆಗೆ ಬಿಗಿಯಾಗಿ ಹರಡಿತ್ತು. ಅದರ ಮೇಲೆ ಮಳೆ ಕುಣಿಯುತ್ತಿತ್ತು. ಕೆಳಗೆ ಆರು ಗೆರಸೆ ಹಣ್ಣು ಒಂದು ಹನಿಯೂ ಸೋಕದೆ ಬೆಚ್ಚಗೆ ಮಲಗಿತ್ತು. ಜಗಲಿಯ ಅಂಚಿನಲ್ಲಿ ಮಾತ್ಸುಯೊ ಹಗ್ಗವನ್ನು ಬಲಗೈಗೆ ಎರಡು ಸುತ್ತು ಸುತ್ತಿಕೊಂಡು, ಎರಡೂ ಕಾಲನ್ನು ಜಗಲಿಯ ಕಂಬಕ್ಕೆ ಒತ್ತಿ ಹಿಂದಕ್ಕೆ ವಾಲಿ ಕೂತಿದ್ದಳು. ಹಗ್ಗ ಸಿಕ್ಕಿಸುವ ಕೊಕ್ಕೆ ಅವಳಿಗೆ ಕಂಡಿರಲಿಲ್ಲ. ಬಿಟ್ಟರೆ ಹಾಳೆ ಹಿಂದೆ ಸರಿಯುತ್ತದೆಂದು ಮಳೆ ಬಂದಾಗಿನಿಂದ ಹಾಗೇ ಹಿಡಿದು ಕೂತಿದ್ದಳು. ಅಂಗೈ ಕೆಂಪಾಗಿತ್ತು, ಏಪ್ರನ್ನು ತೋಳು ಎಲ್ಲ ನೆನೆದಿತ್ತು.

"ಅಮ್ಮ! ಎಷ್ಟು ಹೊತ್ತಾಯ್ತು?"

"ಮೊದಲ್ನೇ ಹನಿಗೇ ಕೂಗ್ತು" ಎಂದಳು ಅತ್ತೆ. "ಜೀರುಂಡೆ ಇನ್ನೂ ಬಾಯಿ ಮುಚ್ಚಿರ್ಲಿಲ್ಲ."

ಕಿನುಯೆ ಹಗ್ಗವನ್ನು ಕೊಕ್ಕೆಗೆ ಸಿಕ್ಕಿಸಿ, ಕಿವಿ ಹರಿಯುವ ಆ ಕೂಗನ್ನು ನಿಲ್ಲಿಸಲು ಗೋಡೆಯ ಸ್ವಿಚ್ಚಿಗೆ ಕೈ ಚಾಚಿದಳು.

"ಅದನ್ನ ಮುಟ್ಬೇಡ."

ಮೂವತ್ತೇಳು ವರ್ಷದ ಹಿಂದೆ ಉಗ್ರಾಣದಲ್ಲಿ ಕೇಳಿದ್ದ ಅದೇ ದನಿ. ಕಿನುಯೆಯ ಕೈ ಗಾಳಿಯಲ್ಲೇ ನಿಂತಿತು.

"ನೀಲಿ ಬಟ್ಟೆ ಭರಣೀದು ತಾನೆ ಅದು?"

ಕಿನುಯೆ ಅಲ್ಲೇ ಮಂಡಿಯೂರಿ ಹಣೆಯನ್ನು ಜಗಲಿಯ ಹಲಗೆಗೆ ತಾಗಿಸಿದಳು. "ತಪ್ಪಾಯ್ತಮ್ಮ. ನಿಮ್ಮನ್ನ ಕೇಳ್ಬೇಕಿತ್ತು."

"ನಾಲಿಗೆ ಮೇಲೆ ಇಟ್ಟಾಗ್ಲೇ ಗೊತ್ತಾಯ್ತು. ಅಷ್ಟು ಉಪ್ಪು ಇನ್ಯಾವ ಭರಣೀಲೂ ಇಲ್ಲ." ಅತ್ತೆ ಕೆಂಪಾದ ಅಂಗೈಯನ್ನು ಮಡಿಲಲ್ಲಿ ಉಜ್ಜಿಕೊಂಡಳು. "ಯಾಸುತಾಕ ಹುಟ್ಟಿದ ವರ್ಷದ್ದು. ಹದಿನೈದು ದಿನದ ಕೂಸು, 'ಞೇ' ಅಂತ ಬಿಡದೆ ಅಳ್ತಿತ್ತು. ಅವನನ್ನ ಬೆನ್ನಿಗೆ ಕಟ್ಕೊಂಡು ಭರಣಿ ತುಂಬ್ತಾ ಉಪ್ಪು ಹಾಕಿದ್ದು ಮರೆತು ಇನ್ನೊಂದ್ಸಲ ಹಾಕ್ಬಿಟ್ಟೆ. ಹಣ್ಣು ಯಾರಿಗೂ ತಿನ್ನೋಕಾಗ್ಲಿಲ್ಲ, ನಮ್ಮತ್ತೆ ಬೈದು ಎಸೆದ್ರು. ರಸ ಎಸೆಯೋಕೆ ನನಗೆ ಮನಸ್ಸು ಬರ್ಲಿಲ್ಲ. ಆ ರಸಾನೇ ಆ ಹಲ್ಲೆಲ್ಲ ಕೊರೆದಿರೋದು, ಅಲ್ವಾ?"

"ಹೌದಮ್ಮ."

ಮಳೆ ಇನ್ನೂ ಸುರಿಯುತ್ತಿತ್ತು. ಕಂಬದ ತುದಿಯಲ್ಲಿ ಹಲಗೆ ಉಸಿರು ತೆಗೆದುಕೊಳ್ಳದೆ ಕೂಗುತ್ತಿತ್ತು. ಅತ್ತೆ ಮಂಜುಗಣ್ಣನ್ನು ಆ ಕಡೆ ತಿರುಗಿಸಿ ಕೇಳುತ್ತಿದ್ದಳು. ಅವಳ ಮುಖದಲ್ಲಿ ನಗುವೂ ಇತ್ತು, ಅಳುವೂ ಇತ್ತು.

"ಐವತ್ತೊಂಬತ್ತು ವರ್ಷ ಈ ಮನೇಲಿ ಉಂಡ. ಒಂದು ದಿನ, ಒಂದೇ ಒಂದು ದಿನ, 'ಅಮ್ಮಾ ಮಳೆ ಬಂತು' ಅಂತ ಕೂಗಿದೋನಲ್ಲ. ಕಿವೀಗೆ ಅದ್ಯಾವುದನ್ನೋ ಸಿಕ್ಕಿಸ್ಕೊಂಡು ಕೂತಿರ್ತಿದ್ದ" ಎಂದಳು. "ಇವತ್ತು ಕೂಗ್ತಿದಾನೆ. ಇರ್ಲಿ ಬಿಡು. ಇನ್ನೂ ಸ್ವಲ್ಪ ಹೊತ್ತು ಕೂಗ್ಲಿ."

ಕಿನುಯೆ ಸ್ವಿಚ್ಚನ್ನು ಹಾಗೇ ಬಿಟ್ಟು, ಅತ್ತೆಯ ಪಕ್ಕದಲ್ಲಿ ಕೂತು, ಮಳೆ ನಿಲ್ಲುವವರೆಗೂ ಅವಳ ಜೊತೆ ಕೇಳಿದಳು.